ನಾಲ್ಕು ಗಂಟೆಯ ಸಾಲು

ಬೆಳಿಗ್ಗೆ ತಿಂಡಿ ಹೊತ್ತಿಗೆ ಬಂದ ಕವನದ ಸಾಲನ್ನು ಸಂಜೆ ನಾಲ್ಕರವರೆಗೆ ಚೆಲ್ಲದೆ ಹೊತ್ತುಕೊಂಡಿರುವುದು ಹೇಗೆಂದು ತ್ರಿವೇಣಿಗೆ ತಿಳಿಯಲಿಲ್ಲ. ತುಂಬಿದ ಕೊಡ ಹೊತ್ತು ಒದ್ದೆ ನೆಲದ ಮೇಲೆ ನಡೆಯುವವಳ ಹಾಗೆ ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಅಡುಗೆಮನೆಗೆ ಓಡಾಡಿದಳು. ಸಾಲು ಎಲ್ಲಿಂದ ಬಂತೆಂಬುದು ಅವಳಿಗೆ ಗೊತ್ತಿತ್ತು. ಗಂಡ ಹನುಮಂತರಾಜು ಉಪ್ಪಿಟ್ಟು ಮುಗಿಸಿ, ಪೇಪರನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ವರಾಂಡದ ಪ್ಲಾಸ್ಟಿಕ್ ಕುರ್ಚಿಯಿಂದೆದ್ದು ಗೇಟಿನ ಕಡೆ ಹೋಗಿದ್ದರು. ಮಂಡಿ ನೋಯುತ್ತಿತ್ತೆಂದು ಅವಳು ಅದೇ ಕುರ್ಚಿಯಲ್ಲಿ ಕೂತಳು. ಕುರ್ಚಿ ಬೆಚ್ಚಗಿತ್ತು. ಮದುವೆಯಾದಂದಿನಿಂದ ಗಂಡ ಎದ್ದ ಜಾಗದಲ್ಲಿ ಎಷ್ಟು ಸಲ ಕೂತಿದ್ದಳೋ, ಆದರೆ ಬೆಚ್ಚಗಿರುತ್ತದೆಂದು ಗೊತ್ತಾದದ್ದು ಇವತ್ತೇ. ಮೈ ಜುಮ್ಮೆಂದಿತು. ಅದರ ಹಿಂದೆಯೇ ಸಾಲು ಬಂತು, ಇಡಿಯಾಗಿ, ಯಾರೋ ಕಿವಿಯಲ್ಲಿ ಹೇಳಿ ಹೋದ ಹಾಗೆ. ಇನ್ನೊಂದು ಸಲ ಮನಸ್ಸಿನಲ್ಲೇ ಹೇಳಿಕೊಳ್ಳಲು ಹೋಗಿ ತಡೆದಳು. ಹೇಳಿ ಹೇಳಿ ಸವೆದುಬಿಟ್ಟರೆ? ಹೇಳಿಕೊಳ್ಳದೆ ಮರೆತೇ ಹೋದರೆ? ಬರೆದಿಡುವ ಹಾಗಿಲ್ಲ. ಬರೆಯಬಾರದೆಂಬುದೇ ಅವರ ಐವರ ನಿಯಮ. ಐವರಲ್ಲ, ಈಗ ನಾಲ್ವರು. ಆ ತಿದ್ದುಪಡಿ ಮಾಡಿಕೊಂಡಾಗ ಎದೆಯೊಳಗಿನ ಕುಣಿತ ಒಂದು ಹೆಜ್ಜೆ ತಪ್ಪಿತು, ಮತ್ತೆ ಶುರುವಾಯಿತು. ನಾಚಿಕೆಯಾಯಿತು ಅವಳಿಗೆ. ಆದರೂ ಕುಣಿತ ನಿಲ್ಲಲಿಲ್ಲ.

ಗೇಟಿನ ಹತ್ತಿರ ಗಂಡ ಎದುರುಮನೆಯ ಗಂಗಣ್ಣನ ಜೊತೆ ಮಾತಾಡುತ್ತಿದ್ದರು. ಇಬ್ಬರ ಮಾಸ್ಕೂ ಗದ್ದಕ್ಕೆ ಇಳಿದಿತ್ತು. ತುಮಕೂರಿನ ಉಪ್ಪಾರಹಳ್ಳಿಯ ಆ ರಸ್ತೆ ಏಪ್ರಿಲ್ ಕೊನೆಯಿಂದ ಖಾಲಿಯಾಗಿಯೇ ಇತ್ತು. ಬೆಳಗಿನ ಹೊತ್ತು ಮಾತ್ರ ತರಕಾರಿ ಗಾಡಿಯವನು ಕೂಗಿಕೊಂಡು ಹೋಗುತ್ತಿದ್ದ. ಖಾಲಿ ರಸ್ತೆಯಲ್ಲಿ ಮಾತು ದೂರದವರೆಗೆ ಕೇಳುತ್ತದೆ ಎಂಬುದನ್ನು ಗಂಡಸರು ಇನ್ನೂ ಕಲಿತಿರಲಿಲ್ಲ.

"ಸೋಮವಾರದಿಂದ ಬಸ್ ಬಿಡ್ತಾರಂತೆ ರಾಜಣ್ಣ."

"ಬಿಟ್ರೆ ಸಾಕಪ್ಪ. ನಮ್ಮನೇಲಿ ದಿನಾ ನಾಲ್ಕು ಗಂಟೆಗೆ ಮುದುಕರ ಕವಿಗೋಷ್ಠಿ. ಕಾಫಿ ನಾನೇ ಮಾಡ್ಕೋಬೇಕು."

"ಅಕ್ಕೋರು ಕವನ ಬರೀತಾರಾ?"

"ಇವಳೆಲ್ಲಿ ಬರೀತಾಳೆ! ಬರೆಯೋರಿಗೆ ಕನೆಕ್ಷನ್ ಕೊಡ್ತಾಳೆ. ಹಳೇ ಅಭ್ಯಾಸ ಬಿಡಬೇಕಲ್ಲ."

ಗಂಗಣ್ಣ ನಕ್ಕ. ಹನುಮಂತರಾಜು ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು, ನಿಜವನ್ನೇ ಹೇಳಿದ್ದರು. ಅದಕ್ಕೇ ಹೆಚ್ಚು ನಾಟಿತು. ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳು ಆಪರೇಟರ್ ಆಗಿದ್ದಳು. ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕುಣಿಗಲ್ಲಿನವರನ್ನು ಬೊಂಬಾಯಿಯವರಿಗೆ, ಗುಬ್ಬಿಯ ಕೊಬ್ಬರಿ ಮಂಡಿಯವರನ್ನು ಡೆಲ್ಲಿಯವರಿಗೆ ಸೇರಿಸುವುದು, ಸೇರಿಸಿದೊಡನೆ ತನ್ನ ದನಿ ಅತ್ತ ಹೋಗದ ಹಾಗೆ ತನ್ನ ಕಡೆಯ ಕೀ ಮುಚ್ಚುವುದು. ಆಪರೇಟರಿನ ಉಸಿರು ಪಾರ್ಟಿಗೆ ಕೇಳಬಾರದು ಎಂದು ಮೊದಲ ದಿನವೇ ಮೇಲ್ವಿಚಾರಕಿ ಕಿವಿ ಹಿಂಡಿ ಹೇಳಿಕೊಟ್ಟಿದ್ದರು. ಟ್ರಂಕ್ ಕಾಲಿಗೆ ಮೂರು ಮೂರು ನಿಮಿಷದ ಲೆಕ್ಕದಲ್ಲಿ ದುಡ್ಡು, ಕೀ ತೆಗೆದು ಮಧ್ಯೆ ಬಾಯಿ ಹಾಕಲು ಅದೊಂದೇ ಕಾರಣವಿತ್ತು: "ಮೂರು ನಿಮಿಷ ಆಯ್ತು, ಮುಂದುವರಿಸಬೇಕಾ?" ಸಾವಿನ ಸುದ್ದಿ ಕೇಳಿ ಅಳುತ್ತಿದ್ದವರ ನಡುವೆಯೂ, ಗಂಡು ಒಪ್ಪಿಕೊಂಡನೆಂದು ನಗುತ್ತಿದ್ದವರ ನಡುವೆಯೂ ಅವಳು ಅದೊಂದೇ ಮಾತು ಹೇಳಿದ್ದಳು, ಒಂದೇ ದನಿಯಲ್ಲಿ. ಬದುಕೆಲ್ಲ ಹಾಗೇ ಕಳೆಯಿತೇನೋ ಎಂದು ಎಷ್ಟೋ ಮಧ್ಯಾಹ್ನ ಅನ್ನಿಸಿದ್ದಿದೆ. ಬೇಳೆ ಉಕ್ಕಿತು. ಬೆಂಕಿ ಸಣ್ಣ ಮಾಡಿ, ತುಟಿ ಬಿಗಿಹಿಡಿದು, ಸಾಲು ಇದೆಯೇ ಎಂದು ಒಳಗೆ ಮುಟ್ಟಿ ನೋಡಿಕೊಂಡಳು. ಇತ್ತು.

ಅವರೆಲ್ಲ ಸೇರಿದ್ದು ಕಣ್ಣು ಕಾಣದಿದ್ದಾಗ. ಯುಗಾದಿಯ ಆಸುಪಾಸು ತುಮಕೂರಿನಲ್ಲಿ ಒಂದು ಕಣ್ಣಿನ ಶಿಬಿರ ನಡೆದಿತ್ತು. ಪಾಪೆ ಹಿಗ್ಗಲೆಂದು ಹನಿ ಹಾಕಿ, ಉದ್ದನೆಯ ಬೆಂಚಿನ ಮೇಲೆ ಐದು ಜನರನ್ನು ಕೂರಿಸಿ, ಕಣ್ಣು ಬಿಡಬೇಡಿ ಎಂದು ನರ್ಸ್ ಎಲ್ಲೋ ಹೋದಳು. ಬೆಂಚಿನ ಆ ತುದಿಯಲ್ಲಿ ಕುಣಿಗಲ್ಲಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಭದ್ರಮ್ಮ, ಆಮೇಲೆ ಗೂಳೂರಿನ ಅನಂತರಾಜು, ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು, ಅವರ ಪಕ್ಕ ತ್ರಿವೇಣಿ, ಅವಳ ಈ ಕಡೆ ಗುಬ್ಬಿಯ ಕನ್ನಡ ಮೇಷ್ಟ್ರು ವೆಂಕಟರಂಗಯ್ಯ, ಕೊನೆಗೆ ಚೇಳೂರಿನ ತೆಂಗಿನ ತೋಟದ ಕೆಂಪಯ್ಯ. ಸುಮ್ಮನೆ ಕೂತು ಬೇಸರವಾಗಿ ಮೇಷ್ಟ್ರು ಒಂದು ಸಾಲು ಹೇಳಿದರು, "ಇದನ್ನ ಹೇಳಿ, ಇದಕ್ಕೊಂದು ಸೇರಿಸಿ, ಪಕ್ಕದವರಿಗೆ ದಾಟಿಸಿ" ಎಂದರು. ಹಾಗೆ ಆಟ ಹುಟ್ಟಿತು. ಪಾಳಿ ಬಂದವರು ಮೊದಲಿನಿಂದ ಎಲ್ಲ ಸಾಲನ್ನೂ ಬಾಯಲ್ಲೇ ಹೇಳಬೇಕು, ಆಮೇಲೆ ತಮ್ಮದೊಂದು ಕಟ್ಟಬೇಕು. ಬರೆಯಲು ಯಾರಿಗೂ ಕಣ್ಣು ಕಾಣುತ್ತಿರಲಿಲ್ಲ. ಕರೋನಾ ಹೆಚ್ಚಿ ಆಪರೇಷನ್ನುಗಳೆಲ್ಲ ಮುಂದಕ್ಕೆ ಹೋದವು, ಊರುಗಳು ಮುಚ್ಚಿದವು, ಬೆಂಚು ಫೋನಿನೊಳಕ್ಕೆ ಬಂತು. ಒಬ್ಬೊಬ್ಬರಿಗೇ ಕರೆ ಮಾಡಿ ಎಲ್ಲರನ್ನೂ ಒಂದೇ ಕಾಲ್‌ಗೆ ಸೇರಿಸುವುದು ತ್ರಿವೇಣಿಗೆ ಬಿಟ್ಟು ಇನ್ನಾರಿಗೂ ಬರುತ್ತಿರಲಿಲ್ಲ. ಪಾಳಿ ಈಗಲೂ ಬೆಂಚಿನ ಅನುಕ್ರಮದಲ್ಲೇ ನಡೆಯುತ್ತಿತ್ತು. ಒಬ್ಬರ ಮುಖ ಇನ್ನೊಬ್ಬರಿಗೆ ಮಸುಕು ಮಸುಕು. ದನಿ ಮಾತ್ರ ಚೆನ್ನಾಗಿ ಗೊತ್ತು.

ಅವಳು ಮಾತ್ರ ಈವರೆಗೆ ಒಂದು ಸಾಲನ್ನೂ ಕಟ್ಟಿರಲಿಲ್ಲ. ಯಾರಾದರೂ ಮರೆತು ತಡವರಿಸಿದರೆ ಎತ್ತಿಕೊಡುತ್ತಿದ್ದಳು, ತಪ್ಪು ಹೇಳಿದರೆ ತಿದ್ದುತ್ತಿದ್ದಳು. ಊರೂರ ಫೋನ್ ನಂಬರು ಹಿಡಿದಿಟ್ಟಿದ್ದ ತಲೆಗೆ ಹತ್ತಿಪ್ಪತ್ತು ಸಾಲು ಯಾವ ಲೆಕ್ಕ. ಆದರೆ ತನ್ನ ಪಾಳಿ ಬಂದರೆ "ನಂದು ಬಿಡಿ" ಎನ್ನುತ್ತಿದ್ದಳು. ಆಗ ಅನಂತರಾಜು ಬಸ್ಸಿನೊಳಗೆ ನಿಂತವರ ಹಾಗೆ ಕೂಗುತ್ತಿದ್ದರು: "ಮುಂದಕ್ಕೆ ಹೋಗಿ, ಮುಂದಕ್ಕೆ! ಮೇಡಂ ಸೀಟು ನಾನು ಹಿಡಿದಿಟ್ಟಿರ್ತೀನಿ, ಯಾವಾಗ ಬೇಕಾದ್ರೂ ಬಂದು ಕೂರ್ಲಿ. ರೈಟ್!" ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಅವರಿಗೆ ಕೇಳಿಸದ ಹಾಗೆ.

ಊಟವಾದ ಮೇಲೆ ಗಂಡ ಟಿವಿ ಹಾಕಿದರು. ಜಿಲ್ಲಾವಾರು ಸಾವಿನ ಸಂಖ್ಯೆ ಕೆಳಗೆ ಓಡುತ್ತಿತ್ತು. ತುಮಕೂರಿನದು ಬರುವ ಮೊದಲೇ ಎದ್ದು ಪಾತ್ರೆ ತೊಳೆಯಲು ಹೋದಳು. ಈ ಎರಡು ತಿಂಗಳಷ್ಟು ಸುಖವಾಗಿ ತಾನು ಯಾವತ್ತೂ ಇರಲಿಲ್ಲ ಎಂಬುದನ್ನು ಯಾರ ಮುಂದೆ ಹೇಳುವುದು? ಬೀದಿಯಲ್ಲಿ ಆಂಬುಲೆನ್ಸ್ ಕೂಗುತ್ತಿದ್ದರೆ ಒಳಗೆ ಅವಳು ಗಡಿಯಾರದ ಮುಳ್ಳು ನಾಲ್ಕರ ಕಡೆ ಸರಿಯುವುದನ್ನು ನೋಡುತ್ತ ಸೆರಗಿನ ಚುಂಗು ಸುರುಳಿ ಸುತ್ತುತ್ತಿದ್ದಳು. ಊರಿಗೆ ಊರೇ ಉಸಿರು ಬಿಗಿಹಿಡಿದಿರುವಾಗ ತನ್ನೊಬ್ಬಳಿಗೇ ಯಾರೋ ಕಿಟಕಿ ತೆಗೆದಿದ್ದಾರೆ. ಈಗ ಅದೂ ಮುಚ್ಚುತ್ತದೆ. ಸೋಮವಾರ ಬಸ್ಸು. ಮೇಷ್ಟ್ರಿಗೆ ಮುಂದಿನ ವಾರ ಕಣ್ಣಿನ ಆಪರೇಷನ್ನು. ಭದ್ರಮ್ಮನ ಗಿರಣಿ ದಿನವಿಡೀ ತಿರುಗಿದರೆ ಆ ಸದ್ದಿನಲ್ಲಿ ಕವನ ಯಾರಿಗೆ ಕೇಳಬೇಕು. ಕೆಂಪಯ್ಯನಿಗೆ ಕಾಯಿ ಕೀಳಿಸುವ ಗಡಿಬಿಡಿ. "ಇದೊಂದು ಕವನ ಶನಿವಾರ ಮುಗಿಸಿಬಿಡೋಣ, ಆಮೇಲೆ ನೋಡೋಣ" ಎಂದು ನಿನ್ನೆ ಮೇಷ್ಟ್ರು ಹೇಳಿದ್ದರು. ಆಮೇಲೆ ನೋಡೋಣ ಎಂಬ ಮಾತಿನ ಅರ್ಥ ಅವಳಿಗೆ ಗೊತ್ತಿತ್ತು. ಟ್ರಂಕ್ ಕಾಲ್ ಮುಗಿಸುವಾಗ ಜನ ಹಾಗೇ ಹೇಳುತ್ತಿದ್ದರು.

ಇವತ್ತು ಶನಿವಾರ. ಹೇಳಿದರೆ ಇವತ್ತು ಹೇಳಬೇಕು.

ಮುಗಿಯಬೇಕಾದ ಈ ಕವನ ಅನಂತರಾಜು ಶುರುಮಾಡಿದ್ದು. ಅದು ಶುರುವಾದ ರೀತಿಯನ್ನು ತ್ರಿವೇಣಿ ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ. ಅವತ್ತು ಅವರು ಆಸ್ಪತ್ರೆಯಿಂದ ಫೋನ್ ಮಾಡಿದ್ದರು, ನಾಲ್ಕಕ್ಕೆ ಸರಿಯಾಗಿ, ತಾವಾಗಿಯೇ. ಪ್ರತಿ ಎರಡು ಮಾತಿಗೂ ಕೆಮ್ಮು. "ಸೇರಿಸಿ ಮೇಡಂ, ಎಲ್ಲರ ದನಿ ಕೇಳ್ತೀನಿ" ಎಂದರು. ಅವಳು, "ಇವತ್ತು ರೆಸ್ಟ್ ತಗೊಳ್ಳಿ ಸರ್, ನಾಳೆ ಸೇರಿಸ್ತೀನಿ" ಎಂದಳು. ಅವರ ಒಳ್ಳೆಯದಕ್ಕೇ ಹೇಳಿದಳೇ? ಆ ಕೆಮ್ಮು ನಾಲ್ಕು ಗಂಟೆಯನ್ನು ಕೆಡಿಸುತ್ತದೆಂದು ಹೇಳಿದಳೇ? ಪಾತ್ರೆ ಎಷ್ಟು ಉಜ್ಜಿದರೂ ಆ ಪ್ರಶ್ನೆಗೆ ತಳ ಕಾಣಲಿಲ್ಲ. ಅವರು ಬೇಸರಪಟ್ಟುಕೊಳ್ಳಲಿಲ್ಲ. "ಸರಿ ಮೇಡಂ. ಸಾಲು ಒಂದು ಹೇಳ್ತೀನಿ, ತಲುಪಿಸಿ" ಎಂದು ಹೇಳಿ, ಕೊನೆಗೆ ನಗುತ್ತ, "ನನ್ನ ಸೀಟಿಗೆ ಒಂದು ಟವಲ್ ಹಾಕಿರಿ, ಬಂದೆ" ಎಂದರು. ಅವಳು ಸಾಲನ್ನು ತಲುಪಿಸಿದಳು. ಟವಲಿನ ಮಾತನ್ನು ತಲುಪಿಸಲಿಲ್ಲ. ಮರುದಿನ ನಾಲ್ಕಕ್ಕೆ ಆ ನಂಬರು ರಿಂಗಾಗುತ್ತಲೇ ಇತ್ತು. ಸುದ್ದಿ ತಿಳಿದ ಮೇಲೆ ಎಷ್ಟೋ ದಿನ ಯಾರೂ ಯಾರಿಗೂ ಫೋನ್ ಮಾಡಲಿಲ್ಲ. ಮತ್ತೆ ಸೇರಿದಾಗ ಅನಂತರಾಜು ಅವರ ಪಾಳಿ ಬಂದ ಜಾಗದಲ್ಲಿ ಭದ್ರಮ್ಮನೇ ಮೆಲ್ಲಗೆ "ರೈಟ್" ಎಂದಳು. ಅಂದಿನಿಂದ ಅದೇ ರೂಢಿಯಾಯಿತು. ಅವರ ಪಾಳಿಗೆ ಎಲ್ಲರೂ ಒಟ್ಟಿಗೆ ರೈಟ್ ಎನ್ನುವುದು, ಬಸ್ಸು ಮುಂದೆ ಹೋಗುವುದು. ಬೇರೆ ಕವನಗಳು ಆದವು, ಅವರು ಶುರುಮಾಡಿದ್ದನ್ನು ಮಾತ್ರ ಈ ವಾರದವರೆಗೆ ಯಾರೂ ಮುಟ್ಟಿರಲಿಲ್ಲ.

ಕೈ ಒರೆಸಿಕೊಂಡು ರೂಮಿಗೆ ಬಂದು ಬಾಗಿಲು ಓರೆ ಮಾಡಿದಳು. ಮುಖ ತೊಳೆದುಕೊಂಡಳು. ಫೋನಿಗೆ ಮುಖ ಯಾಕೆ ತೊಳೆಯಬೇಕೆಂದು ನಗು ಬಂದರೂ ಬೊಟ್ಟು ಸರಿಮಾಡಿಕೊಂಡಳು. ಪರೀಕ್ಷೆಗೆ ಕೂತ ಹುಡುಗಿಯ ಅಳುಕಲ್ಲ ಇದು, ಹೆಣ್ಣು ನೋಡಲು ಬಂದವರ ಮುಂದೆ ಕೂತ ಅಳುಕೂ ಅಲ್ಲ. ಇದಕ್ಕೆ ಹೆಸರಿರಲಿಲ್ಲ. ಚಿಕ್ಕಂದಿನಲ್ಲಿ ಮುಷ್ಟಿಯೊಳಗೆ ಮಿಂಚುಹುಳ ಹಿಡಿದು ಓಡಿ ಬರುತ್ತಿದ್ದಾಗ ಹೀಗಾಗುತ್ತಿತ್ತು, ತೆಗೆದರೆ ಇರುತ್ತದೋ ಇಲ್ಲವೋ.

"ಹಲೋ ಆಪರೇಟರಮ್ಮ!" ಭದ್ರಮ್ಮನ ದನಿ ಗಿರಣಿಯ ಬೆಲ್ಟಿನ ಹಾಗೆ ಪಟಪಟ ಬಂತು. "ಮುದ್ದೆ ಉಂಡು ಹಂಗೇ ಕಣ್ಣು ಹತ್ತಿತ್ತು ಕಣ್ರೀ. ಕನಸಲ್ಲೂ ನಿಮ್ಮ ರಿಂಗೇ."

"ಇರಿ, ಕೆಂಪಯ್ಯನವ್ರನ್ನ ತಗೋತೀನಿ."

"ತಡೀರವ್ವ," ಕೆಂಪಯ್ಯ ಏದುಸಿರು ಬಿಡುತ್ತಿದ್ದ. "ನೀರಿನ ಟ್ಯಾಂಕ್ ಮ್ಯಾಕೆ ಹತ್ತುತಾ ಇವ್ನಿ. ಮೊದ್ಲು ಎಲ್ಡ್ನೇ ಮೆಟ್ಲಿಗೇ ಸಿಗ್ನಲ್ ಸಿಕ್ತಿತ್ತು, ಈಗ ತುದೀಗೋದ್ರೂ ಇಲ್ಲ ಮುಂಡೇದು."

"ಬಿದ್ದೀಯ ಕಣಯ್ಯ, ಹುಷಾರು," ಎಂದರು ಮೇಷ್ಟ್ರು ಸೇರಿಕೊಂಡು. "ಎಲ್ಲ ಬಂದ್ರಾ? ಹಾಜರಿ ತಗೊಳ್ಲಾ?"

"ನಿಮ್ಮ ಹಾಜರಿಗೆ ಹೆದರೋ ವಯಸ್ಸು ದಾಟ್ತು ಬಿಡಿ ಮೇಷ್ಟ್ರೇ. ಇವತ್ತು ಶುರು ನಂದು. ಸುಮ್ನೆ ಕೇಳಿ," ಎಂದಳು ಭದ್ರಮ್ಮ.

ನಾಲ್ಕೂ ದನಿ ಒಂದಾದವು. ಗುಬ್ಬಿಯ ಮೇಷ್ಟ್ರ ಮನೆಯ ಫ್ಯಾನು, ಚೇಳೂರಿನ ಗಾಳಿ, ಕುಣಿಗಲ್ಲಿನ ಯಾವುದೋ ಕೋಳಿ, ಎಲ್ಲ ತ್ರಿವೇಣಿಯ ಅಂಗೈಯಲ್ಲಿ. ಅವಳ ಹೆಬ್ಬೆರಳು ತಾನಾಗಿಯೇ ಒಮ್ಮೆ ಪರದೆಯನ್ನು ಮುಟ್ಟಿ ಬಂತು. ಭದ್ರಮ್ಮ ಗಂಟಲು ಸರಿಮಾಡಿಕೊಂಡಳು.

"ಬಸ್ ಸ್ಟ್ಯಾಂಡಿನ ತುಂಬ ಪಾರಿವಾಳ, ಟಿಕೆಟ್ಟು ಕೇಳುವವರಿಲ್ಲ. ಗುಬ್ಬಿಯ ಬೋರ್ಡು ಓದುತ್ತ ಕೂತಿದೆ ಒಂದು ನಾಯಿ. ಇಳಿಸದ ಎಳನೀರು ಮರದಲ್ಲೇ ಕಾಯಾಯಿತು."

ಮೊದಲನೆಯದು ಅನಂತರಾಜು ಹೇಳಿದ್ದು, ನಾಯಿ ಮೇಷ್ಟ್ರದ್ದು, ಎಳನೀರು ಕೆಂಪಯ್ಯನದು. ಭದ್ರಮ್ಮ ತನ್ನದಕ್ಕೆ ಮೊದಲು ಸ್ವಲ್ಪ ನಿಂತಳು. ತ್ರಿವೇಣಿ ಮನಸ್ಸಿನಲ್ಲೇ ಬೇಡಿಕೊಂಡಳು. ಬಸ್ ಸ್ಟ್ಯಾಂಡಿಗೆ ವಾಪಸು ಬಾ ತಾಯಿ, ಬಸ್ಸಿಗೆ ಬಾ. ಇಲ್ಲದಿದ್ದರೆ ನನ್ನ ಸಾಲಿಗೆ ಕೂರಲು ಜಾಗವಿರುವುದಿಲ್ಲ.

"ಗಿರಣಿ ಮುಂದೆ ಸಾಲು ನಿಂತಿವೆ ಚೀಲ, ಜನರಿಲ್ಲ."

"ಭೇಷ್!" ಎಂದರು ಮೇಷ್ಟ್ರು. ಅದು ನಿಜಕ್ಕೂ ಚೆನ್ನಾಗಿತ್ತು. ದೂರ ದೂರ ನಿಲ್ಲಬೇಕೆಂದು ಜನ ರಾಗಿ ಚೀಲಗಳನ್ನು ತಮ್ಮ ಬದಲಿಗೆ ಸಾಲಿನಲ್ಲಿಟ್ಟು ಮನೆಗೆ ಹೋಗುತ್ತಿದ್ದರೆಂದು ಭದ್ರಮ್ಮ ಹೇಳಿದ್ದುಂಟು. ಆದರೆ ಕವನ ಕುಣಿಗಲ್ಲಿಗೆ ಹೋಗಿಬಿಟ್ಟಿತು. ತ್ರಿವೇಣಿಯ ಕೈಯೊಳಗಿನ ಹುಳ ಮಿಂಚುವುದನ್ನು ನಿಲ್ಲಿಸಿತು. "ರೈಟ್" ಎಂದರು ಮೂವರೂ, ಸ್ವಲ್ಪ ಹಿಂದೆ ಮುಂದೆ. ಅವಳೂ ಅಂದಳು. ಈಗ ಅವಳದು. ಬಿಡಿ ಎನ್ನಲೇ? ಕೂರುವ ಹಾಗಿಲ್ಲ ಬಿಡಿ, ಎನ್ನಲೇ? ಬಾಗಿಲ ಸಂದಿಯಲ್ಲಿ ಗಂಡನ ಪಾದಗಳು ಕಂಡವು, ಕಾಫಿ ಲೋಟ ಹಿಡಿದು ಹೋಗುತ್ತಿದ್ದವರು ನಿಂತಿದ್ದರು. ಕನೆಕ್ಷನ್ ಕೊಡ್ತಾಳೆ. ಕಣ್ಣು ಮುಚ್ಚಿದಳು, ಬೆಂಚಿನ ಮೇಲೆ ಮುಚ್ಚಿದ್ದ ಹಾಗೆ. ಪಾರಿವಾಳ, ನಾಯಿ, ಎಳನೀರು, ಚೀಲ, ಒಂದಕ್ಷರ ತಪ್ಪದೆ ಹೇಳಿದಳು. ಆಮೇಲೆ ತನ್ನದನ್ನು ಹೇಳಿದಳು.

"ಇಳಿದು ಹೋದವರ ಸೀಟು ಇನ್ನೂ ಬೆಚ್ಚಗಿದೆ."

ಹೇಳಿಬಿಟ್ಟಳು. ಆ ಕಡೆ ಫ್ಯಾನು, ಗಾಳಿ, ಕೋಳಿ. ಇನ್ನೇನು ಯಾರಾದರೂ ಏನಾದರೂ ಹೇಳುತ್ತಾರೆ.

"ತ್ರಿವೇಣಿಯವ್ರೇ?" ಎಂದಳು ಭದ್ರಮ್ಮ. "ಏನ್ರೀ, ಇವತ್ತೂ ಇಲ್ವಾ?"

"ಬಿಡಮ್ಮ, ಬಲವಂತ ಬೇಡ," ಮೇಷ್ಟ್ರ ದನಿ ಮೃದುವಾಗಿತ್ತು. "ಅವರಿಲ್ದಿದ್ರೆ ನಾವೆಲ್ಲಿ ಸೇರ್ತಿದ್ವಿ. ಮುಂದಕ್ಕೆ ಹೋಗೋಣ."

ಹೇಳಿದೆನಲ್ಲ, ಎಂದಳು ಅವಳು. ಹೇಳಿದೆನಲ್ಲ ಮೇಷ್ಟ್ರೇ. ಯಾರೂ ಉತ್ತರ ಕೊಡಲಿಲ್ಲ. ಅಷ್ಟು ಕೆಟ್ಟದಾಗಿತ್ತೇ? ಕೇಳಿಸದವರ ಹಾಗೆ ನಟಿಸಿ ಮರ್ಯಾದೆ ಕಾಯುವಷ್ಟು? ಅಥವಾ ಅನಂತರಾಜು ಸತ್ತದ್ದನ್ನು ತನ್ನ ಸಾಲಿಗೆ ಬಳಸಿಕೊಂಡಳು ಎಂದುಕೊಂಡರೇ? ಹಾಗಾದರೆ ಸರಿಯೇ, ಬಳಸಿಕೊಂಡಳಲ್ಲವೇ. ಸೇರಿಸಿ ಎಂದವರನ್ನು ಸೇರಿಸದೆ ಈಗ ಅವರ ಸೀಟಿನ ಬಿಸಿಯಲ್ಲಿ ಕೈ ಕಾಯಿಸಿಕೊಳ್ಳುವವಳು. ಮೇಷ್ಟ್ರು ಆಗಲೇ ಮೊದಲಿನಿಂದ ಹೇಳಲು ಹಿಡಿದಿದ್ದರು. ಕಣ್ಣು ತೆರೆದಳು. ಮಸುಕಿನೊಳಗೆ ಫೋನಿನ ಪರದೆಯನ್ನು ಮೂಗಿನ ಹತ್ತಿರ ತಂದಳು. ಪುಟ್ಟ ಮೈಕಿನ ಚಿತ್ರದ ಮೇಲೆ ಅಡ್ಡ ಗೆರೆ. ಮ್ಯೂಟ್. ಸೇರಿಸಿದೊಡನೆ ತನ್ನ ಕಡೆಯ ಕೀ ಮುಚ್ಚಿದ್ದಳು. ದಿನವೂ ಮುಚ್ಚುತ್ತಿದ್ದಳು, ತಿದ್ದುವಾಗ ಮಾತ್ರ ತೆಗೆಯುತ್ತಿದ್ದಳು. ಇವತ್ತು ಸಂಭ್ರಮದಲ್ಲಿ ತೆಗೆಯುವುದನ್ನು ಮರೆತಿದ್ದಳು. ಬದುಕಿನ ಒಂದೇ ಒಂದು ಸಾಲನ್ನು ಯಾರಿಗೂ ಕೇಳಿಸದ ಹಾಗೆ ಎಚ್ಚರ ವಹಿಸಿ ಹೇಳಿದ್ದಳು.

ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಆ ಕಡೆ ಮೇಷ್ಟ್ರು ಚೀಲದ ಸಾಲನ್ನು ದಾಟಿ ತಮ್ಮದನ್ನು ಹೇಳುತ್ತಿದ್ದರು.

"ಸೋಮವಾರ ಬರುವುದಂತೆ ಮೊದಲ ಬಸ್ಸು, ಎಲ್ಲರೂ ಏಳಿ." ಕ್ಷಣ ಬಿಟ್ಟು, "ಇದಕ್ಕೆ ನಿಲ್ಲಿಸಬಹುದು ಅನ್ಸುತ್ತೆ. ಏನಂತೀಯ ಕೆಂಪಯ್ಯ? ಮುಗೀತಲ್ವಾ?"

"ಮುಗೀತು ಬುಡಿ. ಚೆಂದಾಗೈತೆ."

"ಹಂಗಾದ್ರೆ ಫೋನ್ ಇಡ್ಲಾ?" ಎಂದಳು ಭದ್ರಮ್ಮ. "ಒಲೆ ಮೇಲೆ ಹಾಲಿಟ್ಟಿದೀನಿ."

ಬಸ್ಸು ಬಂದಿದೆ, ಎಂದುಕೊಂಡಳು ತ್ರಿವೇಣಿ. ಮೇಷ್ಟ್ರು ಬಸ್ಸನ್ನು ತಂದು ನಿಲ್ಲಿಸಿದ್ದಾರೆ. ಜನ ಏಳುತ್ತಿದ್ದಾರೆ. ಚೀಲದ ಹಿಂದೆ ಜಾಗವಿಲ್ಲದೆ ನಿಂತಿದ್ದ ತನ್ನ ಸಾಲಿಗೆ ಈಗ ಬಾಗಿಲು ತೆರೆದಿದೆ. ಆದರೆ ಒಬ್ಬರು ಮಾತಾಡುತ್ತಿರುವಾಗ ಮಧ್ಯೆ ನುಗ್ಗುವುದು ಹೇಗೆ? ಏನೆಂದು ನುಗ್ಗುವುದು? ಹೆಬ್ಬೆರಳು ಕೀ ತೆಗೆಯಿತು. ಗಂಟಲಿನಿಂದ ಬಂದದ್ದು ಅವಳಿಗೆ ಗೊತ್ತಿದ್ದ ಒಂದೇ ಮಾತು, ಎಷ್ಟೋ ವರ್ಷದಿಂದ ಒಳಗೇ ಮಡಿಸಿಟ್ಟಿದ್ದ ಆ ಗಟ್ಟಿ ಸರ್ಕಾರಿ ದನಿಯಲ್ಲಿ:

"ಮೂರು ನಿಮಿಷ ಆಯ್ತು!"

ಎಲ್ಲರೂ ಗಪ್ಪಾದರು. ಕೋಳಿಯೂ.

"ಅಯ್ಯೋ ನಿಮ್ಮ," ಎಂದಳು ಭದ್ರಮ್ಮ. "ಎದೆ ಝಲ್ ಅಂತು ಕಣ್ರೀ. ಯಾರ ಮೂರು ನಿಮಿಷ?"

"ನಂದು. ನನ್ನ ಪಾಳಿ. ನಾನು ಹೇಳಿದ್ದೆ, ಮ್ಯೂಟ್ ಇತ್ತು. ಇಡಬೇಡಿ ಯಾರೂ."

"ಮ್ಯೂಟಲ್ಲಿ ಹೇಳಿದ್ರಾ!" ಭದ್ರಮ್ಮನ ನಗು ಉರುಳಿಕೊಂಡು ಬಂತು. "ಹಾಲು ಉಕ್ಕಿದ್ರೆ ಉಕ್ಲಿ. ಹೇಳ್ರೀ."

"ಹೇಳಮ್ಮ," ಎಂದರು ಮೇಷ್ಟ್ರು. ಅವರ ದನಿ ಮುಂದಕ್ಕೆ ಬಾಗಿತ್ತು.

ಅವಳು ಮೊದಲಿನಿಂದ ಶುರುಮಾಡಿದಳು. ಈಗ ಕಣ್ಣು ಮುಚ್ಚಲಿಲ್ಲ. ಬಾಗಿಲ ಸಂದಿಯ ಪಾದಗಳು ಅಲ್ಲಾಡಲಿಲ್ಲ. ಪಾರಿವಾಳ ಹಾರಿದವು, ನಾಯಿ ಬೋರ್ಡು ಓದಿತು, ಎಳನೀರು ಕಾಯಾಯಿತು, ಚೀಲಗಳು ಸಾಲು ನಿಂತವು, ಬಸ್ಸು ಬಂತು, ಎಲ್ಲರೂ ಎದ್ದರು.

"ಇಳಿದು ಹೋದವರ ಸೀಟು ಇನ್ನೂ ಬೆಚ್ಚಗಿದೆ."

ಪರದೆ ನೋಡಿದಳು. ಗೆರೆ ಇರಲಿಲ್ಲ. ಕೇಳಿಸಿದೆ. ಯಾರೋ ಮೂಗು ಒರೆಸಿಕೊಂಡರು, ಭದ್ರಮ್ಮನಿರಬೇಕು. ಮೇಷ್ಟ್ರು ಭೇಷ್ ಎನ್ನಲಿಲ್ಲ. ಅವರ ಫ್ಯಾನು ಕಿರಗುಟ್ಟುತ್ತಿತ್ತು. ಆಮೇಲೆ ಟ್ಯಾಂಕಿನ ಮೇಲಿನ ಗಾಳಿಯ ನಡುವಿನಿಂದ ಕೆಂಪಯ್ಯನ ದನಿ ಬಂತು.

"ಮೇಷ್ಟ್ರೇ, ಆಗ್ಲೇ ಮುಗೀತು ಅಂದ್ನಲ್ಲ, ಅದು ತಪ್ಪಾತು. ಈಗ ನನ್ ಪಾಳಿ ಬಂತಲ್ಲ."

"ಬಂತು ಕಣಯ್ಯ. ಹೇಳು."

ಕೆಂಪಯ್ಯ ಶುರುಮಾಡಿದ, ಹೊಲದಲ್ಲಿ ಹೆಜ್ಜೆ ಹಾಕುವವನ ಹಾಗೆ ಒಂದೊಂದೇ. ನಾಯಿಯನ್ನು ಪಾರಿವಾಳಕ್ಕಿಂತ ಮೊದಲು ತಂದ. ತ್ರಿವೇಣಿ ತಿದ್ದಲಿಲ್ಲ. ಮೇಷ್ಟ್ರ ಸಾಲಿನಲ್ಲಿ ಸೋಮವಾರವನ್ನೇ ಬಿಟ್ಟ, ಅದನ್ನೂ ತಿದ್ದಲಿಲ್ಲ. ಅವನು ತನ್ನ ಸಾಲಿನ ಕಡೆ ಬರುತ್ತಿದ್ದಾನೆ. ಅವಳು ಫೋನನ್ನು ಎರಡು ಕೈಯಲ್ಲೂ ಹಿಡಿದಳು.

"ಇಳ್ದೋದೋರ ಸೀಟು ಇನ್ನೂವೆ ಬೆಚ್ಚಗೈತೆ."

ತನ್ನ ಸಾಲು ಇನ್ನೊಬ್ಬರ ಬಾಯಲ್ಲಿ. ಅದು ಅವಳದಾಗಿರಲಿಲ್ಲ ಈಗ. ಚೇಳೂರಿನದಾಗಿತ್ತು, ಟ್ಯಾಂಕಿನ ಮೇಲಿನ ಗಾಳಿಯದಾಗಿತ್ತು. ಅವಳು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಅವನು ಅಲ್ಲಿಗೇ ನಿಂತ. ಕೆಳಗೆ ಯಾರೋ ಅವನನ್ನು ಕರೆದರು. "ಬಂದೆ ಇರ್ಲಾ" ಎಂದು ಕೂಗಿ, ಫೋನಿನೊಳಕ್ಕೆ ದನಿ ತಗ್ಗಿಸಿ ತನ್ನ ಸಾಲು ಸೇರಿಸಿದ.

"ಯಾರೂ ಕೂರಬ್ಯಾಡಿ, ಒಂದು ಟವಲ್ ಹಾಕಿ."

ಟವಲಿನ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬಸ್ಸು ಹತ್ತಿದವರು ಯಾರಾದರೂ ಹೇಳಬಹುದಾದ ಮಾತು ಅದು, ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯದವರು ಈ ಸೀಮೆಯಲ್ಲಿ ಯಾರಿದ್ದಾರೆ. ಆದರೂ ತಾನು ತಡೆದಿಟ್ಟ ಮಾತು ತನ್ನನ್ನು ಸುತ್ತುಹಾಕಿಕೊಂಡು ಹೋಗಿ, ಚೇಳೂರಿನ ದಾರಿಯಲ್ಲಿ ಬಂದು, ತಾನಾಗಿಯೇ ತಲುಪಿತ್ತು.

"ಭದ್ರಮ್ಮ, ಮುಂದಿಂದು ನಿಂದು," ಎನ್ನುತ್ತಿದ್ದರು ಮೇಷ್ಟ್ರು.

"ಇದರ ಮೇಲೆ ಈಗಲೇ ಏನು ಹೇಳ್ಲಿ ಮೇಷ್ಟ್ರೇ! ರಾತ್ರಿಯೆಲ್ಲ ಯೋಚನೆ ಮಾಡ್ಬೇಕು. ನಾಳೆ. ನಾಳೆ ನಾಲ್ಕಕ್ಕೆ. ಸೋಮವಾರಾನೂ, ಗಿರಣಿ ನಿಲ್ಲಿಸಿ ಬತ್ತೀನಿ. ಏನ್ರೀ ಆಪರೇಟರಮ್ಮ? ಹಲೋ? ಮತ್ತೆ ಮ್ಯೂಟಾ?"

ಹೆಬ್ಬೆರಳು ಅಭ್ಯಾಸದಂತೆ ಪರದೆಯ ಹತ್ತಿರ ಬಂದಿತ್ತು. ತ್ರಿವೇಣಿ ಅದನ್ನು ಮಡಿಸಿ ಮುಷ್ಟಿಯೊಳಗೆ ಹಿಡಿದಳು. ಬಿಕ್ಕೋ, ನಗುವೋ, ಬರುವುದು ಬರಲೆಂದು ಬಿಟ್ಟಳು. ಅವಳ ಉಸಿರು ಕುಣಿಗಲ್ಲಿಗೂ ಗುಬ್ಬಿಗೂ ಚೇಳೂರಿನ ಟ್ಯಾಂಕಿನ ತುದಿಗೂ ಕೇಳುತ್ತಿತ್ತು.